ಅಜ್ಜಿ ಟೈಲ್ಸ್ ಕೂರಿಸಿದ ಈಜುಕೊಳ

ಅಂತರರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕಟ್ಟಿದ ಒಳಾಂಗಣ ಈಜುಕೊಳಕ್ಕೆ ಟೈಲ್ಸ್ ಕೂರಿಸಿದವಳು ನನ್ನ ಅಜ್ಜಿ. ಅವಳು ತೀರಿಕೊಂಡು ಎಂಟು ವರ್ಷವಾಯಿತು. ಕೂಟ ಮುಗಿದ ಮೇಲೆ ಊರಿನ ಮಕ್ಕಳೆಲ್ಲ ಈಜು ಕಲಿತದ್ದು ಅಲ್ಲೇ; ಈಗ ಕಲಿಸುವವಳು ನಾನು.

ಕೊಳ ಸೋರುತ್ತಿದ್ದರೆ ಮುಚ್ಚಿಬಿಡುತ್ತೇವೆ ಎಂದು ಎಂಜಿನಿಯರ್ ಪರೀಕ್ಷೆಗೆ ಬಂದರು. ಮಧ್ಯಾಹ್ನ ನೀರಿನ ಮಟ್ಟಕ್ಕೆ ಗೆರೆ ಎಳೆದು, ನಲ್ಲಿಗಳಿಗೆ ಬೀಗ ಹಾಕಿದರು. ಆಗ ನೀರಿನಡಿಯಿಂದ ಟಕ್ ಟಕ್ ಸದ್ದು ಕೇಳಿಸಿತು. ಟೈಲ್ಸ್ ಪೊಳ್ಳಾಗಿದೆಯೇ ಎಂದು ಅಜ್ಜಿ ಕರಣೆಯ ಹಿಡಿಯಿಂದ ತಟ್ಟಿ ನೋಡುತ್ತಿದ್ದದ್ದು ಹೀಗೆಯೇ. ಸದ್ದು ಸಾಲು ಸಾಲಾಗಿ ಸರಿದು ನಮ್ಮ ಕಾಲಡಿಗೆ ಬಂದು ನಿಂತಿತು. ನೆಲ ತಣ್ಣಗೆ ಕೊರೆಯಿತು.

"ಏನಮ್ಮಾ ಅದು?"

"ನಮ್ಮಜ್ಜಿ ಕೆಲಸ ಸಾರ್. ಅವಳು ಕೂರಿಸಿದ್ದು ಸೋರಲ್ಲ," ಎಂದೆ, ತಲೆಯೆತ್ತಿ.

ಮರುದಿನ ನೀರು ಇಳಿದಿರಲಿಲ್ಲ. ಗೆರೆಗಿಂತ ಒಂದು ಬೆರಳು ಮೇಲೇರಿತ್ತು. ಬೀಗದ ಕೈ ರಾತ್ರಿಯೆಲ್ಲ ಎಂಜಿನಿಯರ್ ಜೇಬಿನಲ್ಲೇ ಇತ್ತು.