ಬೀಗ ಹಾಕಿದ ಬಚ್ಚಲಿನ ನೀರು

"ನನ್ನ ಮಕ್ಕಳಾಣೆ ಅಮ್ಮಾ, ಟ್ಯಾಂಕಿಗೆ ನಾನು ಏನೂ ಹಾಕಿಲ್ಲ."

ಬಾಗಿಲಲ್ಲಿ ನಿಂತಿದ್ದ, ಮನೆಮನೆಗೆ ನೀರು ಬಿಡುವ ಪಂಪಿನವನ ಕೈಯಲ್ಲಿ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿ ಇನ್ನೂ ಇತ್ತು. ಸೊಸೆ ಅವನನ್ನು ಒಳಗೆ ಕರೆದು ಕೂರಿಸಿದಳು. ಅತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಪೊಲೀಸ್ ಪ್ರಯೋಗಾಲಯದಿಂದ ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಆ ಕಟ್ಟಡದಲ್ಲಿ ಏನೇ ಕಳೆದುಹೋದರೂ ಜನ ಮೊದಲು ತಟ್ಟುತ್ತಿದ್ದದ್ದು ಅವರ ಬಾಗಿಲನ್ನೇ.

ಈ ಸಲ ಕಳೆದುಹೋಗುವಂತಿದ್ದದ್ದು ಒಂದು ಮಗು. ಎದುರು ಸಾಲಿನ ಕೆಳಮನೆಯ ಆರು ವರ್ಷದ ಹುಡುಗಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ್ದಳು. ಹುಡುಗಿಯ ಅಪ್ಪನಿಗೂ ಪಂಪಿನವನಿಗೂ ನೀರು ಬಿಡುವ ಹೊತ್ತಿನ ವಿಷಯದಲ್ಲಿ ಜಗಳವಾಗಿತ್ತು. ಹಗೆ ತೀರಿಸಿಕೊಳ್ಳಲು ಟ್ಯಾಂಕಿಗೆ ಏನೋ ಬೆರೆಸಿದ್ದಾನೆ ಎಂದು ಅಪ್ಪನ ಆರೋಪ. ಟ್ಯಾಂಕ್ ತೊಳೆಸಿ, ಹೊಸ ನೀರು ತುಂಬಿಸಿ, ಪರೀಕ್ಷೆ ಮಾಡಿಸಿದ್ದಾಗಿತ್ತು. ನೀರು ಚೆನ್ನಾಗಿತ್ತು. ಆದರೂ ಇವತ್ತು ಅಪ್ಪನ ಹೊಟ್ಟೆಯೂ ಕೆಟ್ಟಿತ್ತು.

ಆಸ್ಪತ್ರೆ ಎಂಬ ಮಾತನ್ನು ಸೊಸೆಗೆ ಈಗಲೂ ಕೇಳಲಾಗುತ್ತಿರಲಿಲ್ಲ. ಅವಳ ಗಂಡ ತೀರಿಕೊಂಡದ್ದು ಅಲ್ಲೇ. ಆದರೂ ಚಪ್ಪಲಿ ಮೆಟ್ಟಿ ಅತ್ತೆಯ ಹಿಂದೆ ಹೊರಟಳು; ಪಂಪಿನವನೂ ಜೊತೆಗೆ ಬಂದ.

ಕೆಳಮನೆಯ ಅಪ್ಪ ಸೋಫಾದ ಮೇಲೆ ಮುದುಡಿ ಕೂತಿದ್ದ. "ಏನು ಕೇಳ್ತೀರೋ ಕೇಳಿ ಮೇಡಂ. ಡಾಕ್ಟರೂ ಅದೇ ಕೇಳಿ ಕೇಳಿ ಸಾಕಾದ್ರು. ಮಗು ಏನು ತಿಂತು, ಏನು ಕುಡೀತು? ನಮ್ಮನೆ ನಲ್ಲಿ ನೀರು ಬಿಟ್ರೆ ಇನ್ನೇನೂ ಇಲ್ಲ."

"ಆ ನೀರಲ್ಲಿ ಏನಾದ್ರೂ ವ್ಯತ್ಯಾಸ?"

"ಒಂದೊಂದು ಸಲ ಸಣ್ಣಗೆ ನೊರೆ. ಅದು ಬಿಟ್ರೆ ನಾವೇ ಪುಣ್ಯವಂತರು. ಇವನು ವಾಲ್ವ್ ಮುಚ್ಚಿದ ಮೇಲೂ ನಮಗೆ ಒಂದಿಷ್ಟು ನೀರು ಬರ್ತಾನೇ ಇರುತ್ತೆ."

ಅತ್ತೆಯ ಕನ್ನಡಕ ಮತ್ತೆ ಕೈಗೆ ಬಂತು. "ಈ ಪೈಪು ಇನ್ನು ಯಾರ ಮನೆಗೆ?"

"ಮೇಲಿನ ಅಣ್ಣನ ಮನೆಗೆ ಮಾತ್ರ. ಅಮ್ಮ ಅಲ್ಲೇ ಇರೋದು."

ಮೇಲೆ ಹುಡುಗಿಯ ಅಜ್ಜಿ ದೊಡ್ಡ ಮಗನ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಟ್ಟುತ್ತಿದ್ದರು. ಪಂಪಿನವನನ್ನು ಕಂಡದ್ದೇ ತಡ, ಸಿಡಿದರು.

"ಬಂದ್ಯಾ ಮಹಾರಾಯ? ಮೊಮ್ಮಗಳನ್ನ ಮಲಗಿಸಿದ್ದು ಸಾಲದು ಅಂತ ನನ್ನ ಡ್ರಮ್ಮಿನ ನೀರಿಗೂ ಕೈ ಹಾಕಿದೀಯ!"

"ನಿಮ್ಮ ಬಚ್ಚಲಿಗೆ ನಾನು ಯಾಕೆ ಬರ್ಲಿ ಅಜ್ಜಿ? ನನಗೇನು ಸ್ನಾನಕ್ಕೆ ಜಾಗ ಇಲ್ವಾ?"

"ನೀನು ಸ್ನಾನ ಮಾಡೋದು ನಿನ್ನನ್ನ ನೋಡಿದ್ರೇ ಗೊತ್ತಾಗುತ್ತೆ ಬಿಡು!"

ಅಜ್ಜಿಯ ದೂರು ಇಷ್ಟೇ: ತುಂಬಿದ ಡ್ರಮ್ ನೋಡನೋಡುತ್ತಾ ಅರ್ಧಕ್ಕಿಳಿಯುತ್ತದೆ. ಬಚ್ಚಲಿಗೆ ಬೀಗ ಜಡಿದು ಕೀಲಿಯನ್ನು ಕುತ್ತಿಗೆಗೆ ಕಟ್ಟಿಕೊಂಡರೂ ಕಳ್ಳತನ ನಿಂತಿಲ್ಲ.

ಅಜ್ಜಿ ಬೀಗ ತೆಗೆದು ತೋರಿಸಿದರು. ನಲ್ಲಿಗೆ ರಬ್ಬರ್ ಪೈಪು ಸಿಕ್ಕಿಸಿ, ಹನಿಯೂ ಸೋರದ ಹಾಗೆ ತಂತಿ ಬಿಗಿದಿದ್ದರು. ಪೈಪಿನ ತುದಿ ಡ್ರಮ್ಮಿನ ತಳದಲ್ಲಿ ಮುಳುಗಿತ್ತು. ನಲ್ಲಿ ತೆರೆದೇ ಇತ್ತು.

"ಮುಚ್ಚಲ್ವಾ?" ಸೊಸೆ ಕೇಳಿದಳು.

"ಯಾಕಮ್ಮಾ ಮುಚ್ಚಲಿ? ನೀರು ಬಿಟ್ಟಾಗ ತಾನಾಗೇ ತುಂಬ್ಕೊಳ್ಳುತ್ತೆ. ಕೂಸಿನ ಬಟ್ಟೆ ಜಾಲಿಸಿದ ಕೊನೇ ನೀರೂ ಇದಕ್ಕೇ ಸುರೀತೀನಿ. ಕಕ್ಕಸಿಗಾಗುತ್ತೆ, ನೆಲ ಒರೆಸೋಕಾಗುತ್ತೆ. ಇವರ ಹಾಗೆ ನಾನು ನೀರು ಹಾಳು ಮಾಡಲ್ಲ."

"ಕೂಸಿಗೆ ಹುಷಾರಿರಲಿಲ್ವಾ?" ಅತ್ತೆ ಕೇಳಿದರು.

"ಹೋದ ವಾರ ಭೇದಿ ಹತ್ತಿತ್ತು. ಈಗ ಗಟ್ಟಿಯಾಗಿದಾನೆ."

ಅತ್ತೆ ಬಚ್ಚಲಲ್ಲೇ ಇದ್ದ, ಬಟ್ಟೆಗೆ ಹಾಕುವ ನೀಲಿಯ ಬಾಟಲಿಯನ್ನು ಡ್ರಮ್ಮಿಗೆ ಬಗ್ಗಿಸಿದರು. ಅಜ್ಜಿ ಬಾಯಿ ತೆರೆಯುವ ಮೊದಲೇ, "ಬೀಗ ನೀವೇ ಹಾಕಿ," ಎಂದರು. "ಎಲ್ಲರೂ ಕೆಳಗೆ ಬನ್ನಿ. ಕಳ್ಳ ಅಲ್ಲಿ ಸಿಗ್ತಾನೆ."

ಕೆಳಮನೆಯ ಅಡುಗೆಮನೆಯಲ್ಲಿ ಎಲ್ಲರೂ ಸುತ್ತುವರಿದು ನಿಂತರು. ಪಂಪಿನವನು ಹೋಗಿ ವಾಲ್ವ್ ಮುಚ್ಚಿ ಬಂದ. ಅತ್ತೆ ಕಣ್ಸನ್ನೆ ಮಾಡಿದಾಗ ಸೊಸೆ ನಲ್ಲಿ ತಿರುಗಿಸಿದಳು. ತಿಳಿನೀರು ಸುರಿಯಿತು, ಸಣ್ಣಗಾಯಿತು, ಒಮ್ಮೆ ಬಿಕ್ಕಿತು. ಆಮೇಲೆ ಪಾತ್ರೆಗೆ ನೀಲಿ ನೀರು ಬೀಳತೊಡಗಿತು.

"ಟ್ಯಾಂಕಿನಲ್ಲಿ ಏನೂ ಇರಲಿಲ್ಲ," ಅತ್ತೆ ನಿಧಾನವಾಗಿ ಹೇಳಿದರು. "ವಾಲ್ವ್ ಮುಚ್ಚಿದ ಮೇಲೂ ಇಲ್ಲಿ ನೀರು ಬರುತ್ತೆ ಅಂದಾಗ, ಅದು ಎಲ್ಲಿಂದಾದ್ರೂ ಬರಲೇಬೇಕಲ್ಲ ಅಂದ್ಕೊಂಡೆ. ಮೇಲೆ ಬೀಗದೊಳಗಿಂದ ನೀರು ಹೋಗುತ್ತೆ ಅಂದ್ರು. ಎರಡೂ ಒಂದೇ ನೀರು. ವಾಲ್ವ್ ಮುಚ್ಚಿದ ಮೇಲೆ ಇಲ್ಲಿ ನಲ್ಲಿ ಬಿಟ್ರೆ, ಇಳಿಯೋ ನೀರು ತನ್ನ ಹಿಂದೆ ಇರೋದನ್ನ ಎಳ್ಕೊಂಡು ಬರುತ್ತೆ. ಮೇಲೆ ನಲ್ಲಿ ತೆರೆದಿದೆ, ಪೈಪು ಡ್ರಮ್ಮಲ್ಲಿ ಮುಳುಗಿದೆ; ಡ್ರಮ್ಮಿನ ನೀರೇ ಹಿಂದಕ್ಕೆ ಇಳಿದು ಇಲ್ಲಿಗೆ ಬರುತ್ತೆ. ನೊರೆ ಕೂಸಿನ ಬಟ್ಟೆ ಸೋಪಿಂದು. ಕಾಯಿಲೆ ಕೂಸಿಂದು. ಬಳಸಿದ ನೀರು ಉಳಿಸ್ಬೇಕು, ನಿಜ. ಆದರೆ ಆ ಡ್ರಮ್ಮಿಗೂ ನಲ್ಲಿಗೂ ಸಂಬಂಧವೇ ಇರಬಾರದಿತ್ತು."

ಅಪ್ಪ ಪಂಪಿನವನ ಕಡೆ ನೋಡಲಾರದೆ ತಲೆ ತಗ್ಗಿಸಿದ. ಪಂಪಿನವನಿಗೂ ಗೆದ್ದ ಮುಖವಿರಲಿಲ್ಲ.

"ಹಾಗಾದ್ರೆ ಕಳ್ಳ?" ಅಜ್ಜಿ ಕೇಳಿದರು. ಕೇಳುವಾಗಲೇ ಅವರಿಗೆ ತಿಳಿದುಹೋಗಿತ್ತು.

ಸೊಸೆ ಅತ್ತೆಯತ್ತ ನೋಡಿದಳು. ಅತ್ತೆ ಮತ್ತೆ ಕನ್ನಡಕ ಒರೆಸುತ್ತಿದ್ದರು.

ಅಪ್ಪನ ಫೋನು ಬಡಿದುಕೊಂಡಿತು. ಆಸ್ಪತ್ರೆಯಿಂದ ಹೆಂಡತಿ. ಅವನು ಸ್ಪೀಕರ್ ಒತ್ತಿದ.

"ರೀ, ಕಣ್ಣು ಬಿಟ್ಟಿದಾಳೆ! ಬಾಯಾರಿಕೆ ಅಂತಿದಾಳೆ. ಗುಟುಕು ಗುಟುಕಾಗಿ ಕೊಡಿ ಅಂದ್ರು ನರ್ಸು. ಮಧ್ಯಾಹ್ನ ನೀವು ಮನೆಯಿಂದ ತಂದಿಟ್ಟ ಬಾಟಲಿ ಇದೆ, ಟ್ಯಾಂಕ್ ಹೇಗೂ ತೊಳೆದಾಗಿದೆಯಲ್ಲ, ಅದನ್ನೇ ಕೊಡ್ಲಾ?"

ಅಜ್ಜಿ ಮುಂದೆ ನುಗ್ಗಿ ಫೋನು ಕಸಿದುಕೊಂಡರು.

"ಬೇಡ ಕಣೇ! ಚೆಲ್ಲು ಅದನ್ನ. ಆಸ್ಪತ್ರೆ ನೀರು ಕೊಡು."

"ಯಾಕತ್ತೆ? ಯಾರು ಏನು ಹಾಕಿದ್ರಂತೆ?"

"ನಾನು," ಎಂದರು ಅಜ್ಜಿ. "ಡಾಕ್ಟರಿಗೆ ಹೇಳು. ನಾನೇ."

ಆಚೆಯಿಂದ ಹುಡುಗಿ ನೀರು ಕೇಳುತ್ತಿದ್ದ ಕ್ಷೀಣ ದನಿ ಮಾತ್ರ ಎಲ್ಲರಿಗೂ ಕೇಳಿಸುತ್ತಿತ್ತು.