ಕಂದಕದ ಚಮಚ

ಇದನ್ನು ಹೆಂಡತಿಗೆ ಇವತ್ತಿಗೂ ಹೇಳಿಲ್ಲ. ಹೇಳುವ ಮುಖ ನನಗಿಲ್ಲ.

ಹಿಂದೆ ಯುದ್ಧ ನಡೆದಿದ್ದ ಬಯಲಿನಲ್ಲಿ ಇಬ್ಬರೂ ಸೈಕಲ್ ತುಳಿಯುತ್ತಿದ್ದಾಗ ನನ್ನ ಟಯರ್ ಪಂಕ್ಚರ್ ಆಯಿತು. ಟಯರ್ ಎಬ್ಬಿಸುವ ಲಿವರನ್ನು ಮನೆಯಲ್ಲೇ ಮರೆತಿದ್ದೆ. ಪಕ್ಕದಲ್ಲಿ ಸೈನಿಕರು ಅವಿತು ಕೂರುತ್ತಿದ್ದ ಕಂದಕವಿತ್ತು. ಅದರ ಮಣ್ಣಲ್ಲಿ ತುಕ್ಕು ಹಿಡಿದ ಚಮಚ ಸಿಕ್ಕಿತು. ನೆರಳಲ್ಲಿದ್ದರೂ ಬೆಚ್ಚಗಿತ್ತು. ಅದರಿಂದಲೇ ಟಯರ್ ಎಬ್ಬಿಸಿ ಪ್ಯಾಚ್ ಹಾಕಿದೆ.

“ಯಾವ ತಾಯಿಯ ಮಗ ಉಂಡಿದ್ದೋ ಏನೋ. ಇದ್ದಲ್ಲೇ ಇಟ್ಟುಬಿಡ್ರೀ,” ಎಂದಳು.

“ಇಟ್ಟೆ ಕಣೇ,” ಎಂದೆ. ಇಟ್ಟದ್ದು ನನ್ನ ಚೀಲದಲ್ಲಿ.

ಏರು ಹತ್ತುವಾಗ ಮುಂದಿದ್ದವಳು ನಿಂತಳು. “ಏನ್ರೀ ಅದು, ಖಾಲಿ ತಟ್ಟೆ ಕೆರೆದ ಹಾಗೆ ಸದ್ದು?”

“ಬ್ರೇಕು,” ಎಂದೆ. ಏರಿನಲ್ಲಿ ಬ್ರೇಕ್ ಯಾರು ಹಿಡಿಯುತ್ತಾರೆ? ಅವಳು ನನ್ನ ಮುಖ ನೋಡಿ ಮತ್ತೆ ಪೆಡಲ್ ತುಳಿದಳು. ಹಿಂತಿರುಗಿ ಇಟ್ಟು ಬರಬಹುದಿತ್ತು; ಸುಳ್ಳು ಬಯಲಾಗುತ್ತದೆಂದು ಹೋಗಲಿಲ್ಲ.

ಎರಡು ವರ್ಷವಾಯಿತು. ಚಮಚ ನನ್ನ ರಿಪೇರಿ ಡಬ್ಬಿಯಲ್ಲಿದೆ. ನಾವು ಊಟಕ್ಕೆ ಕೂತಾಗಲೆಲ್ಲ ಆ ಕೆರೆತ ಕೇಳುತ್ತದೆ. ಅವಳು ಏನೂ ಕೇಳುವುದಿಲ್ಲ, ಮನೆಯಲ್ಲಿ ನಾವಿಬ್ಬರೇ ಇದ್ದರೂ ಮೂರನೆಯ ತಟ್ಟೆಯೊಂದನ್ನಿಟ್ಟು ಅದಕ್ಕೂ ಬಡಿಸುತ್ತಾಳೆ ಅಷ್ಟೆ.

ತಟ್ಟೆ ತೊಳೆಯುವುದು ನನ್ನ ಪಾಲಿನ ಕೆಲಸ. ಮೂರನೆಯದರಲ್ಲಿ ಒಂದು ದಿನವೂ ಒಂದು ಅಗುಳು ಉಳಿದಿಲ್ಲ.