ಹೆಪ್ಪಿನ ಕೋಣೆಯ ಕೆಂಪು ದೀಪ

ಡೇರಿಯಲ್ಲಿ ಮೊಸರು ಕಟ್ಟಲಿಡುವ ಹೆಪ್ಪಿನ ಕೋಣೆಯ ಗಂಟೆ ಮತ್ತೆ ಬಡಿದುಕೊಂಡಾಗ ನೆವೆನಾ ಸೌಟನ್ನು ಮೇಜಿನ ಮೇಲೆ ಕುಕ್ಕಿದಳು.

"ಯಾರ್ರೀ ಇದನ್ನ ಮುಟ್ಟಿದ್ದು?"

"ನಾನೇ." ಪೆಟ್ಟಿಗೆಯ ಹಿಂದಿನಿಂದ ಗುಂಗುರು ತಲೆಯೊಂದು ಹೊರಬಂತು. ಕೋಣೆಯ ಬಿಸಿ ಕಾಯುವ ಹೊಸ ಕಂಟ್ರೋಲರ್ ಕೂರಿಸಲು ಪ್ಲೊವ್ದಿವ್ ಪಟ್ಟಣದಿಂದ ಬಂದಿದ್ದ ಕಾಲೊಯಾನ್. "ಹಳೇದ್ರಲ್ಲಿ ಮೂವತ್ತು ಡಿಗ್ರಿಗೆ ಇಳಿದ್ರೆ ಬಡಿಯೋ ಹಾಗೆ ಅಲಾರಂ ಇಟ್ಟಿದ್ರು. ಅಷ್ಟು ತಣ್ಣಗಾದ ಮೇಲೆ ಮೊಸರೆಲ್ಲಿಂದ ಬರಬೇಕು? ನಲವತ್ತೊಂದಕ್ಕೆ ತಂದೆ."

"ಬಾಗಿಲು ತೆಗೆದ್ರೆ ಸಾಕು, ಬಡ್ಕೊಳ್ಳುತ್ತೆ. ಕ್ರೇಟು ಕಿಟಕಿಯಿಂದ ಇಡ್ಲಾ, ಮೇಸ್ತ್ರಿಗಳೇ?"

ಹಾಲಿನ ಕ್ಯಾನು ತೊಳೆಯುತ್ತಿದ್ದ ಸ್ತೊಯ್ಕಾ ಅಕ್ಕ ಕಿಸಕ್ಕನೆ ನಕ್ಕಳು. ನೆವೆನಾ ನಗಲಿಲ್ಲ. ಮೂವತ್ತು ಡಿಗ್ರಿ ಎಂಬ ಮಾತು ಅವಳ ಮನಸ್ಸಿಗೆ ನಾಟಿತ್ತು. ಅಜ್ಜಿ ಸಾಯುವ ಮುಂಚೆ ಬಿಳಿ ಬಟ್ಟೆಯ ತುಂಡುಗಳನ್ನು ತನ್ನ ಹೆಪ್ಪಿನಲ್ಲಿ ಅದ್ದಿ ಒಣಗಿಸಿಟ್ಟಿದ್ದಳು. ನೆವೆನಾ ಒಂದೊಂದೇ ತುಂಡನ್ನು ಹಾಲಿಗೆ ಹಾಕಿ ನೋಡಿದ್ದಳು. ಯಾವುದೂ ಕಟ್ಟಿರಲಿಲ್ಲ. ಅಜ್ಜಿಯ ಹೆಪ್ಪೇ ಸತ್ತಿದೆ ಎಂದುಕೊಂಡಿದ್ದಳು. ಈಗ ನೋಡಿದರೆ ಕೋಣೆ ತಣ್ಣಗಾಗುತ್ತಿತ್ತು, ಗಂಟೆ ಸುಮ್ಮನಿತ್ತು, ಅಷ್ಟೇ.

"ಇನ್ನೊಂದೇ ತುಂಡು ಉಳಿದಿದೆ," ಎಂದಳು, ಯಾಕೆ ಹೇಳುತ್ತಿದ್ದೇನೆಂದು ತಿಳಿಯದೆ.

ಕಾಲೊಯಾನ್ ಪೂರ್ತಿ ಕೇಳಿಸಿಕೊಂಡ. ಆಮೇಲೆ ಬಟನ್‌ಗಳನ್ನು ಒತ್ತುತ್ತ ಹೇಳಿದ: "ತಣ್ಣಗಾದ್ರೆ ಬಡಿಯೋ ಅಲಾರಂಗೆ ಸ್ವಲ್ಪ ತಡ ಕೊಡ್ತೀನಿ. ನಿಮ್ಮ ಕ್ರೇಟು ಒಳಗೆ ಹೋಗೋಷ್ಟು. ಬಿಸಿ ಹೆಚ್ಚಾದ್ರೆ ಬಡಿಯೋದಕ್ಕೆ ಮಾತ್ರ ಕೊಡಲ್ಲ, ನೀವು ಬೈದ್ರೂ."

"ಬೈಯೋದು ನಿಂತಿಲ್ಲ ಇನ್ನೂ."

"ಗೊತ್ತು. ಇನ್ನೊಂದು ವಿಷಯ. ಬಟನ್ ಒತ್ತಿದ್ರೆ ಗಂಟೆ ನಿಲ್ಲುತ್ತೆ, ದೀಪ ಆರಲ್ಲ. ಬಿಸಿ ಸರಿಹೋಗಬೇಕು, ಆಮೇಲೆ ಯಾರಾದ್ರೂ ಬಂದು ನೋಡಿ ಇನ್ನೊಂದ್ಸಲ ಒತ್ತಬೇಕು."

"ಹಟಮಾರಿ ಯಂತ್ರ."

"ಇಲ್ಲಿನ ನೀರು ಕುಡಿದಿದೆ," ಎಂದ, ಅವಳ ಕಣ್ಣನ್ನೇ ನೋಡುತ್ತ.

ಮಾರ್ಚ್ ಒಂದರ ಬೆಳಗ್ಗೆ, ವಸಂತವನ್ನು ಕರೆಯುವ ಪದ್ಧತಿಯಂತೆ, ಎಲ್ಲರ ಹಾಗೆ ಅವಳೂ ಕೆಂಪು-ಬಿಳಿ ದಾರ ಹೊಸೆದು ತಂದಳು. ಸ್ತೊಯ್ಕಾ ಅಕ್ಕನ ಕೈಗೊಂದು, ಕಂಟ್ರೋಲರ್ ಪೆಟ್ಟಿಗೆಯ ಹಿಡಿಗೊಂದು ಕಟ್ಟಿದಳು. ಒಂದು ಮಿಕ್ಕಿತು. ಕಾಲೊಯಾನ್ ಅಂಗಿಯ ತೋಳು ಮಡಚಿ ಮಣಿಕಟ್ಟು ಚಾಚಿ ನಿಂತಿದ್ದ.

"ಕೊಕ್ಕರೆ ಕಾಣೋವರೆಗೂ ಬಿಚ್ಚೋ ಹಾಗಿಲ್ಲ, ಆಮೇಲೆ ಹೂಬಿಟ್ಟ ಮರಕ್ಕೆ ಕಟ್ಟಬೇಕು," ಎಂದು ಗಂಟು ಬಿಗಿದಳು. ಅಗತ್ಯಕ್ಕಿಂತ ಒಂದು ಗಂಟು ಹೆಚ್ಚೇ ಬಿತ್ತು.

ಅಂದೇ ಕೊನೆಯ ತುಂಡನ್ನು ಹಾಲಿಗಿಳಿಸಿ, ಗಡಿಗೆಯನ್ನು ಹೆಪ್ಪಿನ ಕೋಣೆಯಲ್ಲಿಟ್ಟಳು.

ಮಧ್ಯಾಹ್ನ ಗಂಟೆ ಬಡಿಯಿತು. ಕಣ್ಣು ಕ್ರೇಟುಗಳ ಮೇಲಿದ್ದಂತೆಯೇ ಅವಳ ಕೈ ಬಟನ್ ಒತ್ತಿತು. ಯಾವ ಯಂತ್ರ ಬಡಿದುಕೊಂಡರೂ ನೋಡದೆ ಒತ್ತಿಬಿಡುವುದು ವರ್ಷಗಳಿಂದ ಆ ಡೇರಿಯಲ್ಲಿ ಎಲ್ಲರ ಕೈಗೂ ಅಂಟಿದ್ದ ಚಾಳಿ. ಸದ್ದು ನಿಂತಿತು. ಎರಡು ಹೆಜ್ಜೆ ಹೋದವಳು ತಿರುಗಿದಳು. ದಾರದ ಪಕ್ಕ ದಾರಕ್ಕಿಂತ ಕೆಂಪಾಗಿ ದೀಪ ಉರಿಯುತ್ತಲೇ ಇತ್ತು. ನಲವತ್ತಾರು. ನೋಡುತ್ತಿದ್ದಂತೆಯೇ ನಲವತ್ತೇಳು. ಇನ್ನೂ ಏರಿದರೆ ಹೆಪ್ಪು ಸಾಯುತ್ತದೆ.

ಹೀಟರಿನ ಮೇನ್ ಸ್ವಿಚ್ ಎಳೆದು, ಬಾಗಿಲು ತೆರೆದಿಟ್ಟು, "ಕಾಲೊಯಾನ್" ಎಂದು ಕೂಗಿದಳು. ಮೇಸ್ತ್ರಿ ಎನ್ನುವುದು ಮರೆತೇಹೋಗಿತ್ತು.

ಅವನು ಓಡಿಬಂದು ಪೆಟ್ಟಿಗೆ ಬಿಚ್ಚಿದ. "ರಿಲೇ ಅಂಟ್ಕೊಂಡಿದೆ. ಹೀಟರ್ ಆಫ್ ಆಗ್ತಾನೇ ಇರಲಿಲ್ಲ." ಬೇರೆ ರಿಲೇ ಹಾಕಿ, ಅವಳ ಪಕ್ಕದಲ್ಲೇ ನೆಲಕ್ಕೆ ಕೂತ. ಇಬ್ಬರೂ ಅಂಕಿಯನ್ನು ನೋಡುತ್ತಿದ್ದರು. ನಲವತ್ತಮೂರಕ್ಕೆ ಬಂದು ನಿಂತಾಗ ಅವನೆಂದ, "ನೀವೇ ಒತ್ತಿ."

ಒತ್ತಿದಳು. ದೀಪ ಆರಿತು.

ಸಂಜೆ ಗಡಿಗೆ ಓರೆಮಾಡಿದಾಗ ಹಾಲು ಹರಿಯಲಿಲ್ಲ. ಅಜ್ಜಿಯ ಮೊಸರು ಕಟ್ಟಿತ್ತು. ಅದೇ ಕೆನೆ, ಅದೇ ಹುಳಿ. ನೆವೆನಾ ಒಂದು ಬಟ್ಟಲು ತುಂಬಿ ಕಾಲೊಯಾನ್‌ನ ಕೈಗಿಟ್ಟು, ಮತ್ತೆ ಕ್ರೇಟುಗಳತ್ತ ತಿರುಗಿದಳು. ಮರುದಿನ ಕಾಲೊಯಾನ್ ಪ್ಲೊವ್ದಿವ್ ಬಸ್ಸು ಹತ್ತಿದ.

ತಿಂಗಳ ಕೊನೆಗೆ ಡೇರಿಯ ಅಂಗಳದ ಪ್ಲಮ್ ಮರ ಹೂ ಬಿಟ್ಟಿತು. ಅದರಡಿ ಅವನು ನಿಂತಿದ್ದ. ಕೈಯಲ್ಲಿ ಉಪಕರಣದ ಚೀಲವಿರಲಿಲ್ಲ. ಮಣಿಕಟ್ಟಿನಲ್ಲಿ ಮಾಸಿದ ದಾರವಿತ್ತು.

"ಕೊಕ್ಕರೆ ಕಾಣಲಿಲ್ವಾ?"

"ಹೋದ ವಾರವೇ ಕಂಡ್ತು."

"ಪ್ಲೊವ್ದಿವ್‌ನಲ್ಲಿ ಮರಗಳೇ ಇಲ್ವಾ, ಕಟ್ಟೋಕೆ?"

"ಬೇಕಾದಷ್ಟಿವೆ. ಗಂಟು ಹಾಕಿದೋರೇ ಬಿಚ್ಚಲಿ ಅಂತ ಬಂದೆ."

ಅವಳು ಒಂದೊಂದೇ ಗಂಟು ಸಡಿಲಿಸಿ, ದಾರವನ್ನು ಹೂವಿನ ಕೊಂಬೆಗೆ ಕಟ್ಟಿದಳು. ಕೈ ಮಾತ್ರ ಬಿಡಲಿಲ್ಲ.

"ಅವತ್ತು ನಿಂಗೆ ಥ್ಯಾಂಕ್ಸ್ ಹೇಳಲಿಲ್ಲ. ಅಜ್ಜಿ ನಂಗೆ ಎರಡನೇ ಸಲ ಸಿಕ್ಕಿದ್ದು ನಿನ್ನಿಂದ. ಹೇಳಿದ್ರೆ ಲೆಕ್ಕ ಮುಗಿದು ನೀನು ಹೊರಟೇಹೋಗ್ತೀಯ ಅಂತ ಭಯ ಆಯ್ತು."

"ಹೇಳದಿದ್ರೂ ಹೋದೆ, ನೋಡು. ಮತ್ತೆ ಹೋಗಬೇಡ ಅನ್ನು, ಹೋಗಲ್ಲ."

"ಹೋಗಬೇಡ."

ಒಳಗೆ ಗಂಟೆ ಬಡಿಯಿತು. ಇಬ್ಬರೂ ತಿರುಗಿದರು. ಹೆಪ್ಪಿನ ಕೋಣೆಯ ಬಾಗಿಲನ್ನು ಅಗಲವಾಗಿ ತೆರೆದು, ಖಾಲಿ ಕ್ರೇಟು ಸೊಂಟಕ್ಕಿಟ್ಟುಕೊಂಡು, ಸ್ತೊಯ್ಕಾ ಅಕ್ಕ ಇವರನ್ನೇ ನೋಡುತ್ತ ಮೈಮರೆತು ನಿಂತಿದ್ದಳು. ಅಲಾರಂಗೆ ಕಾಲೊಯಾನ್ ಕೊಟ್ಟಿದ್ದ ತಡವೂ ಮುಗಿದುಹೋಗಿತ್ತು.